ಅಬೂನಾ ಯುಸ್ತುಸ್ ಮುಟ್ಟದ ಮೊಟ್ಟೆ

ನವೆಂಬರ್ 26, ಬುಧವಾರ

ಗಂಟೆ ಹೊಡೆದೆ. ಶಾಲೆಯ ಬೀಗ ತೆಗೆದೆ. ಮೂರನೇ ತರಗತಿಯಲ್ಲಿ ಐದೇ ಹುಡುಗಿಯರು. ಗುಡಿಯ ಹೊಸ ಪಾದ್ರಿ ಅಬೂನಾ ಯುಸ್ತುಸ್‌ಗೆ ಎಂದಿನಂತೆ ತಿಂಡಿ ಕಳಿಸಿದ್ದೆ. ಮೊಟ್ಟೆ, ಚೀಸು, ರೊಟ್ಟಿ. ರೊಟ್ಟಿ ಮಾತ್ರ ಖಾಲಿ. ನಿನ್ನೆಯೂ ಹಾಗೇ.

ನಿನ್ನೆಯಿಂದ ಆರ್ಥೊಡಾಕ್ಸ್‌ನವರ ಕ್ರಿಸ್ಮಸ್ ಉಪವಾಸ. ಮೊಟ್ಟೆಯಿಲ್ಲ, ಹಾಲಿಲ್ಲ. ನಮಗೆ ಕಥೋಲಿಕರಿಗೆ ಶುರುವಾಗಲು ಇನ್ನೂ ಎರಡು ವಾರ ಇದೆ. ಇವರಿಗೇನಂತೆ?

ಹೊಟ್ಟೆ ಕೆಟ್ಟಿರಬಹುದು. ನೋಡೋಣ.

ನವೆಂಬರ್ 28, ಶುಕ್ರವಾರ

ಹೊಟ್ಟೆ ಕೆಟ್ಟಿಲ್ಲ. ಹಿಂದಿನ ಓಣಿಯ ಉಮ್ಮ್ ಶೆನೂದಾ ಮಾಳಿಗೆಯ ಮೇಲೆ ರೊಟ್ಟಿ ಬಿಸಿಲಿಗಿಡುತ್ತಾ ಕೂಗಿದಳು:

"ರೀ ಅಬ್ಲಾ, ಟೀಚರಮ್ಮ, ನಿಮ್ಮ ಪಾದ್ರಿ ನಮ್ಮ ಉಪವಾಸ ಹಿಡಿದವ್ರಂತೆ? ನಿನ್ನೆ ನಮ್ಮೋರ ಮನೇಲಿ ಎಣ್ಣೆ ಹಾಕಿದ ಬೀನ್ಸು ಉಂಡ್ರು. ಬೆಣ್ಣೆ ಮುಟ್ಲಿಲ್ಲ."

"ನಿಮ್ಮ ಮನೆಯಲ್ಲಿ ಬೆಣ್ಣೆ ಇತ್ತೇನು?"

"ಉಪವಾಸದಾಗೆ ಬೆಣ್ಣೆ ಎಲ್ಲಿಂದ ತರ್ಲಿ? ಮಾತಿಗೆ ಹೇಳ್ದೆ. ಅದಕ್ಕೂ ತಪ್ಪು ಹುಡುಕ್ತೀರಲ್ಲ."

ನಕ್ಕಳು. ನನಗೆ ನಗು ಬರಲಿಲ್ಲ. ಈ ಊರಲ್ಲಿ ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ ಅನ್ನುವುದು ಬರೀ ಊಟದ ಮಾತಲ್ಲ. ತಾತನ ಕಾಲದಲ್ಲಿ ಮಿಷನ್ನಿನವರು ದೋಣಿಯಲ್ಲಿ ಬಂದರು. ಮೊದಲು ಕಟ್ಟಿದ್ದು ಹೆಣ್ಣುಮಕ್ಕಳ ಶಾಲೆ, ಗುಡಿ ಆಮೇಲೆ. ನಮ್ಮ ಧರ್ಮಪ್ರಾಂತ್ಯದ ಹುಟ್ಟೇ ಹಾಗೆ. ನೈಲ್ ದಂಡೆಯ ಉದ್ದಕ್ಕೂ ಎಲ್ಲೆಲ್ಲಿ ಶಾಲೆಯೋ ಅಲ್ಲಲ್ಲಿ ಗುಡಿ. ಶಾಲೆಗೆ ಹೋದವರು ಕಥೋಲಿಕರಾದರು. ಉಳಿದವರು ನಮ್ಮನ್ನು 'ಬೇಳೆ ಕ್ರೈಸ್ತರು' ಅಂದರು, ಬೇಳೆಸಾರಿಗೆ ಮತ ಮಾರಿದವರಂತೆ. ನನ್ನ ಅಮ್ಮ ಓದು ಕಲಿತದ್ದು ಈ ಶಾಲೆಯಲ್ಲೇ. ಬೇಳೆಗಾಗಿ ಅಲ್ಲ.

ನವೆಂಬರ್ 30, ಭಾನುವಾರ

ಬಲಿಪೂಜೆಯಲ್ಲಿ ಕಿವಿ ಕೊಟ್ಟು ಕೂತೆ. ಪ್ರಾರ್ಥನೆಯಲ್ಲಿ ರೋಮಿನ ಪೋಪರ ಹೆಸರು ಹೇಳಬೇಕಾದ ಕಡೆ ಕಾದೆ. ಆರ್ಥೊಡಾಕ್ಸ್‌ನವರು ಅಲ್ಲಿ ತಮ್ಮ ಪೋಪರ ಹೆಸರು ಹೇಳುತ್ತಾರೆ. ನನ್ನ ಜಾಗ ತಾಳ ಬಾರಿಸುವವರ ಪಕ್ಕ. ಸರಿಯಾಗಿ ಅಲ್ಲೇ ತಾಳ ಜೋರಾಯಿತು. ತುಟಿ ಅಲ್ಲಾಡಿತು. ಅಬೂನಾ ಏನಂದರೋ?

ಡಿಸೆಂಬರ್ 2, ಮಂಗಳವಾರ

ಕಣ್ಣಾರೆ ಕಂಡೆ. ಅಬೂನಾ ಯುಸ್ತುಸ್ ಮತ್ತು ಆರ್ಥೊಡಾಕ್ಸ್ ಗುಡಿಯ ಅಬೂನಾ ಬೆಸಾದಾ, ಇಬ್ಬರೂ ನಮ್ಮ ಶಾಲೆಯ ಹಿಂದಿನ ಗೋಡೆಗೆ ಟೇಪು ಹಿಡಿದಿದ್ದರು. ಹತ್ತಿರ ಹೋದೆ.

"ಏನು ಅಳೀತಿದೀರಿ ಅಬೂನಾ?"

"ಗೋಡೆ ಅಬ್ಲಾ."

"ಅದು ಕಾಣ್ತದೆ."

"ಇನ್ನೂ ಹಣ್ಣಾಗಿಲ್ಲ ಅಬ್ಲಾ. ಆದ್ಮೇಲೆ ಮೊದ್ಲು ನಿಮ್ಗೇ ಹೇಳ್ತೀನಿ."

ಬೆಸಾದಾ ಗಡ್ಡದೊಳಗೇ ನಕ್ಕ. ಈ ಜಾಗ ತಮ್ಮ ಅಜ್ಜಂದಿರದು ಅಂತ ಅವರು ಮೊದಲಿಂದಲೂ ಹೇಳುತ್ತಲೇ ಇದ್ದಾರೆ. ಮಕ್ಕಳು ಕಡಿಮೆಯಾದರು, ಹೀಗೇ ಆದರೆ ಬೇಸಿಗೆಗೆ ಶಾಲೆ ಮುಚ್ಚುತ್ತೇನೆ ಅಂತ ಬಿಷಪ್ಪರೂ ಹೇಳಿ ಆಗಿದೆ. ಮುಚ್ಚಿದ ಶಾಲೆ ಯಾರ ಬಾಯಿಗೆ ಬೀಳುತ್ತದೆ? ಈಗ ಗೊತ್ತಾಯಿತು. ಒಳಗಿನವನೇ ಬಾಗಿಲು ತೆಗೆಯುತ್ತಿದ್ದಾನೆ.

ಆ ಆರ್ಥೊಡಾಕ್ಸ್‌ನವರನ್ನು ನಾನು ಬಲ್ಲೆ. ನನ್ನನ್ನು ಮದುವೆಯಾಗಬೇಕಿದ್ದ ಹಬೀಬನ ತಾಯಿ ಅಂದು ಇಷ್ಟೇ ನಯವಾಗಿ ಕೇಳಿದ್ದಳು: "ಮದುವೆಗೆ ಮುಂಚೆ ನಮ್ಮಲ್ಲಿ ಇನ್ನೊಂದು ಸಲ ಸ್ನಾನದೀಕ್ಷೆ ತಗೊಂಡುಬಿಡು ತಾಯಿ, ಬರೀ ನೀರಲ್ಲವೇ." ಆಗಲ್ಲ ಅಂದೆ. ಬರೀ ನೀರಾಗಿದ್ದರೆ ಮತ್ತೆ ಯಾಕೆ ಬೇಕಿತ್ತು? ಅವನಿಗೀಗ ಮೊಮ್ಮಕ್ಕಳು. ನನಗೆ ಈ ಶಾಲೆ.

ಡಿಸೆಂಬರ್ 6, ಶನಿವಾರ

ಮೈಕ್ರೋಬಸ್ ಹತ್ತಿ ಬಿಷಪ್ಪರ ಮನೆಗೆ ಹೋದೆ. ಹಜಾರದ ಗೋಡೆಯಲ್ಲಿ ಹಳೆಯ ಬಿಷಪ್ಪರ ಚಿತ್ರಗಳ ಸಾಲು, ಎಲ್ಲರೂ ನನ್ನನ್ನೇ ನೋಡಿದಂತೆ.

"ಮಾತೀಲ್ದಾ, ಕೂತ್ಕೊಳಮ್ಮ. ಶಾಲೆ ವಿಷಯ ತಾನೆ?"

ಮೊಟ್ಟೆ ಹೇಳಿದೆ. ಬೀನ್ಸು ಹೇಳಿದೆ. ನಕ್ಕರು. ಟೇಪು ಹೇಳಿದೆ. ನಗು ಅರ್ಧಕ್ಕೆ ನಿಂತಿತು. ಆದರೂ, "ಯುಸ್ತುಸ್ ಒಳ್ಳೆಯವನಮ್ಮ, ಸ್ವಲ್ಪ ಹುಚ್ಚು ಅಷ್ಟೆ" ಅಂದರು.

ಬರಿಗೈಲಿ ವಾಪಸು ಕಳಿಸುತ್ತಾರೆ ಅನ್ನಿಸಿತು.

"ಸಯ್ಯಿದ್ನಾ, ಅವರು ಬಲಿಪೂಜೇಲಿ ಪೋಪರ ಹೆಸರು ಹೇಳೋದಿಲ್ಲ."

"ನೀನೇ ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

ಎದ್ದು ಕಿಟಕಿಯ ಹತ್ತಿರ ಹೋದರು. ನನಗೆ ತರಿಸಿದ ಚಹಾ ಅಲ್ಲೇ ಆರಿತು.

ಡಿಸೆಂಬರ್ 9, ಮಂಗಳವಾರ

ಹೋದರು. ಅಬೂನಾ ಯುಸ್ತುಸ್‌ಗೆ 'ವಿಶ್ರಾಂತಿ'ಯಂತೆ, ಬಿಷಪ್ಪರ ಮನೆಯಲ್ಲಿ. ಒಂದೇ ಚೀಲ. ನನ್ನ ಮೇಲೆ ಅನುಮಾನ ಇದ್ದರೂ ಮುಖದಲ್ಲಿ ತೋರಿಸಲಿಲ್ಲ.

"ನಾಳೆಯಿಂದ ನಿಮ್ಗೂ ಉಪವಾಸ ಅಬ್ಲಾ. ಒಂದೇ ತಟ್ಟೆಯಲ್ಲಿ ಉಣ್ಬಹುದಿತ್ತು."

ಅದೇನು ಮಾತೋ. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತದೆ ಇವತ್ತು.

ಡಿಸೆಂಬರ್ 14, ಭಾನುವಾರ

ಬೇರೆ ಊರಿನ ಪಾದ್ರಿ ಬಂದು ಬಲಿಪೂಜೆ ಮಾಡಿದರು. ತುಂಬಾ ವಯಸ್ಸಾದವರು, ರೋಮಿನಲ್ಲೇ ಓದಿದವರು. ಪೋಪರ ಹೆಸರು ಬರುವ ಕಡೆ ತಾಳ ಜೋರಾಯಿತು. ತುಟಿ ಅಲ್ಲಾಡಿತು. ಏನೂ ಕೇಳಿಸಲಿಲ್ಲ.

ಪೂಜೆ ಮುಗಿಸಿ ಬಂದರೆ ಶಾಲೆಯ ಮುಂದೆ ಉಮ್ಮ್ ಶೆನೂದಾ, ಕಂಕುಳಲ್ಲಿ ಮಡಚಿದ ಬಟ್ಟೆ. ನಮ್ಮ ಶಾಲೆಯ ನೀಲಿ ಅಂಗಿ, ಪುಟ್ಟದು. ಕೈಯಿಂದ ಹೊಲಿದದ್ದು.

"ಮೊಮ್ಮಗಳು ದಮ್ಯಾನಾಗೆ ಹೊಲ್ದೆ. ಈಗ ಏನ್ ಮಾಡ್ಲಿ ಇದನ್ನ?"

ನನಗೆ ಅರ್ಥವಾಗಲಿಲ್ಲ.

"ನಿಮ್ಗೂ ಹೇಳಿರ್ಲಿಲ್ವಾ ಅಬೂನಾ ಯುಸ್ತುಸ್? ನಮ್ಮ ಓಣಿ ಕಡೆ ಶಾಲೆಗೆ ಒಂದು ಬಾಗ್ಲು ಒಡೆಸ್ತೀನಿ ಅಂದ್ರು. ಮಕ್ಳು ನಿಮ್ಮ ಗುಡಿ ಅಂಗಳ ತುಳೀದೆ ಪಾಠಕ್ಕೆ ಬರ್ಲಿ, ನಮ್ಮ ಮತ ನಮಗೇ ಇರ್ಲಿ ಅಂತ. ಮೊದ್ಲು ಯಾರೂ ನಂಬ್ಲಿಲ್ಲ. ಹಿಂದೆ ನಮ್ಮ ಮಕ್ಳನ್ನ ಹೀಗೇ ಎಳ್ಕೊಂಡೋರಲ್ವಾ ನೀವು? ಆಮೇಲೆ ಮನೆ ಮನೆಗೂ ಬಂದು, ನಮ್ಮ ಉಪವಾಸ ಹಿಡಿದು, ನಮ್ಮ ಜೊತೆ ಕೂತು ಉಂಡ್ರು. ಇಡೀ ಓಣಿ ಒಪ್ಕೊಂಡಿತ್ತು. ಫೆಬ್ರವರಿಗೆ ಮಕ್ಳು ಬರೋರಿದ್ರು."

"ಈಗ?"

"ಈಗೇನು. ನಮ್ಮ ಜೊತೆ ಉಂಡಿದ್ದಕ್ಕೇ ಎತ್ತಿ ಒಗೆದ್ರಲ್ಲ ಅವ್ರನ್ನ. ಅಂಥಾ ಕಡೆ ಮಗೂನ ಕಳ್ಸೋದಾ? ಯಾರು ಅಬ್ಲಾ ಚಾಡಿ ಹೇಳಿದ್ದು?"

"ಗೊತ್ತಿಲ್ಲ" ಅಂದೆ.

ಅವಳು ಅಂಗಿಯನ್ನು ನನ್ನ ಕೈಯಲ್ಲಿಟ್ಟು ಹೋದಳು. ನಿಮ್ಮ ಕಡೆ ಯಾವ ಮಗುವಿಗಾದರೂ ಕೊಡಿ ಅಂದಳು. ನಮ್ಮ ಕಡೆ ಅಷ್ಟು ಪುಟ್ಟ ಮಗು ಒಂದೂ ಇಲ್ಲ.

ನಾಚಿಕೆಯಾಗುತ್ತಿದೆ. ಭಯವೂ. ಯಾವುದು ಹೆಚ್ಚೋ ತಿಳಿಯುತ್ತಿಲ್ಲ.

ಡಿಸೆಂಬರ್ 15, ಸೋಮವಾರ. ಬಿಷಪ್ಪರ ಮನೆಯ ಹಜಾರ

ಒಳಗೆ ಯಾರೋ ಇದ್ದಾರೆ. ಕಾಯಿರಿ ಅಂದರು. ಅಂಗಿ ಚೀಲದಲ್ಲಿದೆ, ಯಾಕೆ ತಂದೆನೋ.

ಹೇಗೆ ಶುರು ಮಾಡಲಿ? ಕೇಳಿಸಲಿಲ್ಲ ಅನ್ನಲೇ? ತಾಳ ಜೋರಿತ್ತು ಅನ್ನಲೇ? ಅದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಹಬೀಬನ ತಾಯಿಯ ಮೇಲಿನ ಸಿಟ್ಟನ್ನು ಈ ಮನುಷ್ಯನ ತಲೆಗೆ ಕಟ್ಟಿದೆ. ಹಾಗೆ ಹೇಳಿದರೆ ಅವರನ್ನು ವಾಪಸು ಕಳಿಸುತ್ತಾರೆ. ನನ್ನನ್ನು ಶಾಲೆಯಲ್ಲಿ ಇಟ್ಟುಕೊಳ್ಳುತ್ತಾರಾ?

ಬಾಗಿಲು ತೆರೆಯಿತು. ಹೊರಗೆ ಬಂದದ್ದು ಅಬೂನಾ ಯುಸ್ತುಸ್. ಸೊರಗಿದ್ದಾರೆ. ನನ್ನನ್ನು ನೋಡಿ ನಿಂತರು.

"ಅಬ್ಲಾ, ಊಟ ಆಯ್ತಾ?" ಅಂತ ಕೇಳುತ್ತಿದ್ದಾರೆ. ನಾನು ತಲೆ ಎತ್ತದೆ ಬರೆಯುತ್ತಲೇ ಇದ್ದೇನೆ. ಒಳಗಿನಿಂದ ನನ್ನ ಹೆಸರು ಕರೆದರು. ಮೊದಲು ಇವರಿಗೇ ಹೇಳಬೇಕು. ಅಬೂನಾ, ಅವತ್ತು ನಾನು...