ಕೈ ಹಿಂದೆ ಕಟ್ಟಿಕೊಂಡ ಮೊಮ್ಮಕ್ಕಳು

ದಿಂಡಿಗಲ್, ಶನಿವಾರ

ಅತ್ತೆಗೆ ಅಮುದಾಳ ನಮಸ್ಕಾರ.

ಇಲ್ಲಿ ಮಕ್ಕಳ ವಿಜ್ಞಾನ ಮ್ಯೂಸಿಯಂ ನೋಡಿದೆವು. ಎಲ್ಲವನ್ನೂ ಮುಟ್ಟಿಯೇ ನೋಡಬೇಕಂತೆ. ನಮ್ಮ ತೋಟದ ದ್ರಾಕ್ಷಿ ಗೊಂಚಲು ಮುಟ್ಟಬಾರದೆಂದು ನೀವು ಕಲಿಸಿದ್ದೀರಲ್ಲ, ನಿಮ್ಮ ಮೊಮ್ಮಕ್ಕಳಿಬ್ಬರೂ ಇಲ್ಲಿಯೂ ಕೈ ಹಿಂದೆ ಕಟ್ಟಿಕೊಂಡೇ ಒಂದು ಗಂಟೆ ನಡೆದರು. ಅಲ್ಲಿನ ಮೇಡಂ ತಮಿಳಿನಲ್ಲಿ ಬೇಡಿಕೊಂಡರೂ ಮುಟ್ಟಲಿಲ್ಲ.

"ಮುಟ್ಟುದ್ರೆ ಮ್ಯಾಲಿನ ಬಿಳಿಪುಡಿ ಅಳ್ಸೋಗ್ತದೆ, ಯಾಪಾರಿ ಹಣ್ಣ ತಕ್ಕಳಲ್ಲ" ಎಂದಳು ನಿಮ್ಮ ಮೊಮ್ಮಗಳು ಸುಗನ್ಯಾ.

ಕೊನೆಗೆ ನಾನೇ ವಿದ್ಯುತ್ ತುಂಬಿದ ಒಂದು ಲೋಹದ ಗುಂಡನ್ನು ಮುಟ್ಟಿದೆ. ನನ್ನ ತಲೆಗೂದಲೆಲ್ಲ ಎದ್ದು ನಿಂತಿತು. ಆಮೇಲೆ ಇಬ್ಬರೂ ಬಾಗಿಲ ಚಿಲಕವನ್ನೂ ಬಿಡದೆ ಎಲ್ಲವನ್ನೂ ಮುಟ್ಟಿದರು. ಇನ್ನೂ ನಿಲ್ಲಿಸಿಲ್ಲ.

ಮಕ್ಕಳ ಶೀತ ಇಳಿದಿದೆ. ನಿಮ್ಮ ಮಂಡಿಗೆ ಎಣ್ಣೆ ಕೊಂಡಿದ್ದೇನೆ. ಗುರುವಾರ ಓಡೈಪಟ್ಟಿಗೆ ಬರುತ್ತೇವೆ. ಅಷ್ಟರೊಳಗೆ ತೋಟದ ಹಣ್ಣು ಕೊಯ್ದು ಮುಗಿಸಿಬಿಡಿ.

ಅಮುದಾ