ಇಲಿ ಹೊಡೆಸಿದವಳು ನಾನೇ

ಆಗಸ್ಟ್ 19, ಮಂಗಳವಾರ. ಹಂಸಭಾವಿ.

ಮಗ ದುರ್ಗೇಶನ ಕಣ್ಣು ಇವತ್ತೂ ಕೆಂಡದ ಹಾಗೇ ಇದ್ದವು. ಹಾವೇರಿ ದವಾಖಾನೆಯಲ್ಲಿ ಮೀನಖಂಡ ಹಿಡಿದುಕೊಂಡು ಹೊರಳಾಡುತ್ತಿದ್ದಾನೆ. ಬೆಳಗಿನಿಂದ ಉಚ್ಚೆ ನಿಂತಿದೆ.

ಎರಡು ವಾರದ ಹಿಂದೆಯೇ ಊರಿನ ಆಶಾ ಕಾರ್ಯಕರ್ತೆ ಜಯಶ್ರೀ ಮನೆಗೆ ಬಂದು ಹೇಳಿದ್ದಳು. "ಆಯಿ, ಎಂಟ ದಿನ ಮಳಿ ಬಿಟ್ಟಿಲ್ಲ. ಬಿಲದಾಗ ನೀರ ತುಂಬಿ ಇಲಿ ಹೊರಗ ಬಂದಾವು. ಇನ್ನ ಹದಿನೈದ ದಿನದಾಗ ಇಲಿಜ್ವರ ಏಳತೈತಿ. ಈ ಗುಳಿಗಿ ತಗೋರಿ, ಮತ್ತ..."

"ಮಳಿ ನೋಡಿ ಜ್ವರ ಹೇಳಾಕ ನೀ ಏನ ಪಂಚಾಂಗದ ಭಟ್ಟನ?" ಎಂದು ಬಾಯಿ ಮುಚ್ಚಿಸಿ ಕಳಿಸಿದೆ. ಗುಳಿಗೆ ತಿಪ್ಪೆಗೆ ಹೋಯಿತು.

ಆದರೂ ಮನಸ್ಸು ಕೊರೆಯಿತು. ಇಲಿಯೇ ಇಲ್ಲದಿದ್ದರೆ ಇಲಿಜ್ವರ ಎಲ್ಲಿಂದ ಬಂದೀತು ಎಂದು ಮರುದಿನ ಬೆಳಿಗ್ಗೆ ಮಗನನ್ನು ಎಬ್ಬಿಸಿಕೊಂಡು ಗೋವಿನಜೋಳದ ಹೊಲಕ್ಕೆ ಹೋದೆ. ಸಾಲುಗಳಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ನಾನು ಬದುವಿನ ಮೇಲೆ ನಿಂತು ಬಿಲಕ್ಕೆ ಗುದ್ದಲಿ ಹಾಕಿದೆ. ಅವನು ಬರಿಗಾಲಲ್ಲಿ ನೀರಿಗಿಳಿದು ಹೊರಬಿದ್ದದ್ದನ್ನೆಲ್ಲ ಬಡಿಗೆಯಿಂದ ಬಡಿದ. ತಲೆ ಒಡೆದವು, ಕರುಳು ಕಿತ್ತು ಬಂದವು, ನೀರು ಕೆಂಪಾಯಿತು. "ಹಾಕಲೇ, ಇನ್ನೊಂದ ಹಾಕ!" ಎಂದು ಕೇಕೆ ಹೊಡೆದೆ. ಅವನ ಕಾಲಿಗೆ ಕುಡುಗೋಲು ತಾಗಿದ ಗಾಯ ಇನ್ನೂ ಹಸಿಯಾಗಿತ್ತು. ಅದು ನನಗೆ ಗೊತ್ತಿತ್ತು.

ಇವತ್ತು ಜಯಶ್ರೀ ದವಾಖಾನೆಗೆ ಬಂದು ಅಳುತ್ತಲೇ ಅಂದಳು: "ಇಲಿ ಹೊಡೀರಿ ಅಂದಿದ್ದಿಲ್ಲ ಆಯಿ. ಅವುಗಳ ಉಚ್ಚಿ ಕೂಡಿದ ನೀರಿಗೆ ಇಳೀಬ್ಯಾಡ್ರಿ ಅನ್ನಾಕ ಬಾಯಿ ತಗದಿದ್ದೆ. ನೀವು ಬಿಡಲಿಲ್ಲ."

ಈಗ ರಾತ್ರಿ, ಮನೆಯ ತೊಲೆಯ ಮೇಲೆ ಒಂದು ಇಲಿ ಓಡಿತು. ಬಡಿಗೆ ಎತ್ತಿ ಹಾಗೇ ನಿಂತೆ. ಜಜ್ಜಬೇಕಾದ ನಾಲಿಗೆ ನನ್ನ ಬಾಯಲ್ಲೇ ಇದೆ. ಬೆಳಗಾಗುವುದರೊಳಗೆ ಅವನು ಒಂದು ಸಲ ಉಚ್ಚೆ ಹೊಯ್ದರೆ ಸಾಕು, ಆ ಹುಡುಗಿ ಜಯಶ್ರೀಯ ಕಾಲು ಹಿಡಿಯುತ್ತೇನೆ.