ಕಪಾಹು ಅಜ್ಜನ ಆರು ಬಿರಡೆ

ಕೌನಕಾಕೈ, ಮಂಗಳವಾರ

ಅಕ್ಕಾ,

ಮೊಲೊಕಾಯಿ ದ್ವೀಪಕ್ಕೆ ಬಂದು ನಾಲ್ಕು ದಿನವಾಯಿತು, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಈ ವರ್ಷ ನಾನು ಹುಡುಕಿಕೊಂಡು ಹೋದ ಸ್ಟೀಲ್ ಗಿಟಾರ್ ವಾದಕರಲ್ಲಿ ಕಪಾಹು ಅಜ್ಜ ಮೂರನೆಯವನು, ಮೂವರಲ್ಲೂ ಮೇಲು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಅವನು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿದಾಗ ಮೀನು ಸುಡುತ್ತಿದ್ದ ಹೆಂಗಸರೂ ಜಗಳ ನಿಲ್ಲಿಸಿದರು. ಆದರೆ ಊಟಕ್ಕೆ ಏಳುವ ಮುನ್ನ ಆ ಮುದುಕ ಆರೂ ಬಿರಡೆ ತಿರುಗಿಸಿ ಶ್ರುತಿ ಕೆಡಿಸಿಟ್ಟ. ತಂತಿಗಳನ್ನು ಅವನು ತನ್ನದೇ ರೀತಿಯಲ್ಲಿ ಹೊಂದಿಸುವ ಶ್ರುತಿ ಯಾರಿಗೂ ತಿಳಿಯಬಾರದಂತೆ. ಉಳಿದಿಬ್ಬರೂ ಹೀಗೇ ಮಾಡಿದ್ದರು.

"ಎಂಬತ್ನಾಲ್ಕು ಆಯ್ತಲ್ಲ ಅಜ್ಜ, ಇನ್ಯಾರಿಂದ ಅಂತ ಬಚ್ಚಿಡ್ತೀಯ?" ಎಂದೆ.

"ನಿನ್ನಂಥೋರಿಂದ್ಲೇ ಕಣಮ್ಮ. ಕಿವಿ ಚುರುಕಾಗಿರೋರ್ನ ಕಂಡ್ರೆ ನಂಗೆ ಭಯ. ಮೀನು ತಿನ್ನು, ಆರಿಹೋಗುತ್ತೆ," ಎಂದ.

ಆ ಶ್ರುತಿ ಅವನ ಜೊತೆಗೇ ಮಣ್ಣಾಗುತ್ತದೆ. ಇಂಥ ಜಿಪುಣರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಕೆಮ್ಮು ಇಳಿದಿದೆ. ಶನಿವಾರದ ದೋಣಿಗೆ ಬರುತ್ತೇನೆ. ನಿನ್ನ ಮಗಳು ನನ್ನ ಗಿಟಾರ್ ಮುಟ್ಟಿದರೆ ಮುಟ್ಟಲಿ, ಬೈಯಬೇಡ. ಹೊರಡುವ ಮುಂಚೆಯೇ ಬಿರಡೆ ತಿರುಗಿಸಿ ತಂತಿಗಳನ್ನೆಲ್ಲ ಸಡಿಲಿಸಿ ಬಂದಿದ್ದೇನೆ, ನನ್ನ ಶ್ರುತಿ ಅವಳಿಗೆ ಸಿಗುವುದಿಲ್ಲ.

ಮಾಪುವಾನ